ಗುಳವೋ ಕುಳವೋ: ಗೂಗಲ್ ಡಾಕ್ಸ್‌ನಲ್ಲಿ ನಮ್ಮ ಒಂಬತ್ತನೇ ತರಗತಿ

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಮನೆಯ ಹಿರಿಯರನ್ನು ಕೇಳಿ ಬೇಸಾಯದ ಪದಗಳನ್ನು ತನ್ನಿ ಎಂದು ಒಂಬತ್ತನೇ ತರಗತಿಗೆ ಹೇಳಿದ್ದೆ. ನೊಗ, ಮೇಳಿ, ಕುಂಟೆ, ಕೂರಿಗೆ, ಹೀಗೆ. ನೋಟ್‌ಬುಕ್ಕಿನಲ್ಲಿ ಬರೆಸಿದರೆ ಅದು ನನ್ನ ಟೇಬಲ್ಲಿಗೆ ಬಂದು, ಕೆಂಪು ಟಿಕ್ ಬಿದ್ದು, ಅಲ್ಲಿಗೇ ಮುಗಿಯುತ್ತದೆ. ಒಬ್ಬರು ತಂದದ್ದನ್ನು ಇನ್ನೊಬ್ಬರು ಓದುವುದೇ ಇಲ್ಲ. ಅದಕ್ಕೆ ಈ ಸಲ ಕಂಪ್ಯೂಟರ್ ಲ್ಯಾಬಿನಲ್ಲಿ ಎಲ್ಲರಿಗೂ ಗೂಗಲ್ ಡಾಕ್ಸ್‌ನ ಒಂದೇ ಡಾಕ್, ಅಂದರೆ ಎಲ್ಲರೂ ಒಟ್ಟಿಗೆ ಬರೆಯಬಹುದಾದ ಆನ್‌ಲೈನ್ ಕಡತ, ತೆರೆದುಕೊಟ್ಟೆ. 40 ಮಕ್ಕಳು, 10 ಕಂಪ್ಯೂಟರ್.

ಮೊದಲ ದಿನ ಬರೀ ಗಲಾಟೆ. ಲಿಂಕ್ ಇದ್ದವರೆಲ್ಲ ತಿದ್ದಬಹುದು ಅಂತ ಇಟ್ಟಿದ್ದೆ. ಲಾಗಿನ್ ಆಗದೆ ಒಳಗೆ ಬಂದವರಿಗೆ ಡಾಕ್ಸ್ ಒಂದೊಂದು ಪ್ರಾಣಿಯ ಹೆಸರು ಕೊಡುತ್ತದೆ. ಮಕ್ಕಳು ಪದ ಬಿಟ್ಟು ತಮ್ಮ ಪ್ರಾಣಿ ಯಾವುದು ಅಂತ ನೋಡುತ್ತಾ ಕೂತರು. ಅಷ್ಟರಲ್ಲಿ ಯಾರೋ ಕಂಟ್ರೋಲ್ ಎ ಒತ್ತಿ ಎಲ್ಲವನ್ನೂ ಅಳಿಸಿಬಿಟ್ಟರು! ಎದೆ ಧಸಕ್ಕೆಂದಿತು. "ನಾನಲ್ಲ ಮಿಸ್" ಅಂತ ಹತ್ತು ಕಡೆಯಿಂದ ಕೂಗು. ಫೈಲ್ ಮೆನುವಿನ ವರ್ಷನ್ ಹಿಸ್ಟರಿಗೆ ಹೋಗಿ ಹಿಂದಿನ ಪ್ರತಿಯನ್ನು ವಾಪಸ್ ತಂದೆ. ಅಳಿಸಿದ್ದು ಯಾರು ಅಂತ ಮಾತ್ರ ಸಿಗಲಿಲ್ಲ. ಲಾಗಿನ್ ಆಗದವರ ಹೆಸರು ಅಲ್ಲಿ ಇರುವುದಿಲ್ಲ.

ಮರುವಾರ ಎರಡು ಬದಲಾವಣೆ ಮಾಡಿದೆ. ಗುಂಪಿಗೊಂದು ಲಾಗಿನ್. ಆಮೇಲೆ ಒಂದು ಟೇಬಲ್ ಹಾಕಿ, ಗುಂಪಿಗೊಂದಿಷ್ಟು ಸಾಲು. ಅಷ್ಟಕ್ಕೇ ಮುಕ್ಕಾಲು ಜಗಳ ನಿಂತಿತು. ಟೈಪಿಂಗ್ ನಿಧಾನ ಇದ್ದವರಿಗೆ ಕ್ರೋಮ್‌ನಲ್ಲಿ ವಾಯ್ಸ್ ಟೈಪಿಂಗ್ ತೋರಿಸಿದೆ, ಅದರಲ್ಲಿ ಕನ್ನಡವೂ ಇದೆ. ಒಂದು ಗುಂಪು ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ಫಾಂಟಿನಲ್ಲಿ ಮನೆಯಲ್ಲೇ ಟೈಪ್ ಮಾಡಿ ತಂದಿತ್ತು. ಪೇಸ್ಟ್ ಮಾಡಿದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪಾಪ, ಮತ್ತೆ ಟೈಪ್ ಮಾಡಿದರು.

ಎಲ್ಲ ಸಾಲು ತುಂಬಿದ ಮೇಲೆ ಎಲ್ಲರನ್ನೂ ಎಡಿಟರ್‌ನಿಂದ ಕಾಮೆಂಟರ್‌ಗೆ ಇಳಿಸಿದೆ. ಈಗ ಯಾರೂ ಏನನ್ನೂ ಅಳಿಸಲಾರರು. ತಿದ್ದಿದರೆ ಅದು ಬರೀ ಸಲಹೆಯಾಗಿ ಕಾಣುತ್ತದೆ. ನನ್ನ ಪ್ರಕಾರ ಅಸಲಿ ಪಾಠ ಶುರುವಾಗಿದ್ದೇ ಆಗ. ಒಂದು ಗುಂಪು ನೇಗಿಲಿನ ಕಬ್ಬಿಣದ ಮೊನೆಗೆ 'ಗುಳ' ಅಂತ ಬರೆದಿತ್ತು. ಹುಡುಗನೊಬ್ಬ ಅದನ್ನು ಹೊಡೆದು 'ಕುಳ' ಅಂತ ಹಾಕಿದ. ತಕ್ಷಣ ಕೆಳಗೆ ಉತ್ತರ ಬಂತು: "ನಮ್ಮಜ್ಜ ಗುಳ ಅಂತಾರೆ. ಉಳೋದು ಅವರು, ನೀನಲ್ಲ." ಇಡೀ ತರಗತಿ ಎರಡು ಪಕ್ಷ ಆಯಿತು. ನೋಟ್‌ಬುಕ್ಕಿನಲ್ಲಾಗಿದ್ದರೆ ನಾನೇ ಒಂದನ್ನು ಸುಮ್ನೆ ತಪ್ಪು ಅಂತ ಸುತ್ತು ಹಾಕಿರುತ್ತಿದ್ದೆ. ನಾನು ಓದಿ ಬಂದಿದ್ದು 'ಕುಳ' ಅಲ್ವಾ! ನಿಘಂಟು ತೆಗೆಸಿದೆ. ಎರಡೂ ಸರಿ.

ಆ ಸಲಹೆಯನ್ನು ಒಪ್ಪಲೂ ಇಲ್ಲ, ತಳ್ಳಲೂ ಇಲ್ಲ. ಟೇಬಲ್ಲಿಗೆ 'ಯಾರ ಮನೆಯ ಮಾತು' ಅಂತ ಇನ್ನೊಂದು ಕಾಲಂ ಸೇರಿಸಿದೆ. ನಿನ್ನೆ ನೋಡಿದರೆ ಅದೇ ಸಾಲಿನಲ್ಲಿ ಹೊಸ ಕಾಮೆಂಟ್: "ಟ್ರ್ಯಾಕ್ಟರ್ ಕಲ್ಟಿವೇಟರ್‌ಗೂ ಗುಳ ಅನ್ನಬಹುದಾ ಮಿಸ್?" ಇನ್ನೂ ಯಾರೂ ಉತ್ತರ ಬರೆದಿಲ್ಲ, ನಾನೂ ಕೂಡ.