ಸಂಜೆಯಾದರೆ ಆಫ್‌ಲೈನ್ ಆಗುತ್ತಿದ್ದ ಕ್ಯಾಮೆರಾ: ನನ್ನ ಅನುಭವ

ಕ್ಯಾಮೆರಾ ಆಫ್‌ಲೈನ್ ಎಂದ ಕೂಡಲೇ ಎಲ್ಲರೂ ಹಿಡಿಯುವುದು ರೂಟರನ್ನು. ನಮ್ಮಲ್ಲಿಗೆ ಬಂದವರೂ ಅದನ್ನೇ ಹಿಡಿದರು. ದೋಷ ಇರುವುದು ವಯರಿನಲ್ಲಿ ಎಂದು ನಾನು ಹೇಳಿದಾಗ ಯಾರೂ ಒಪ್ಪಲಿಲ್ಲ. ಮೇ ಕೊನೆಗೆ ಬರುವ ಪತ್ತನಾಜೆಗೆ ಮುಂಚೆ ಕೆಲಸ ಮುಗಿಸಿದೆ. ಆಟಿ ತಿಂಗಳ ಮಳೆ ಸುರಿದು ಹೋಯಿತು, ಚೌತಿಯೂ ಕಳೆಯಿತು, ಕ್ಯಾಮೆರಾ ಒಂದು ರಾತ್ರಿಯೂ ಕೈಕೊಟ್ಟಿಲ್ಲ. ಇಷ್ಟು ನೋಡಿದ ಮೇಲೆಯೇ ಬರೆಯುತ್ತಿದ್ದೇನೆ.

ನಮ್ಮದು ಉಡುಪಿ ಹತ್ತಿರದ ಕಲ್ಯಾಣಪುರದ ಕಡೆ, ಮುರಕಲ್ಲಿನ ಹಳೆ ಹಂಚಿನ ಮನೆ. ಕ್ಯಾಮೆರಾ ಇರುವುದು ಹಟ್ಟಿಯ ಗೋಡೆಯಲ್ಲಿ, ಗೇಟಿಗೆ ಮುಖ ಮಾಡಿ. ಐದು ವೋಲ್ಟಿನ ಮಾಮೂಲಿ ವೈಫೈ ಕ್ಯಾಮೆರಾ. ಹಟ್ಟಿಯ ಲೈನಿಗೆ ಇನ್ವರ್ಟರ್ ಇಲ್ಲ, ಮಳೆಗಾಲದಲ್ಲಿ ಕರೆಂಟ್ ಹೋದಾಗಲೇ ಕ್ಯಾಮೆರಾ ಹೆಚ್ಚು ಬೇಕಾಗುವುದು. ಹಾಗಾಗಿ ಹಾಕಿದ ಹುಡುಗ ಚಾವಡಿಯ ಇನ್ವರ್ಟರ್ ಪಾಯಿಂಟಿಗೆ ಅಡಾಪ್ಟರ್ ಚುಚ್ಚಿ, ಯುಎಸ್‌ಬಿ ಕೇಬಲನ್ನು ತುಂಡು ಮಾಡಿ, ನಡುವೆ ಮಾಮೂಲಿ ಎರಡು ಎಳೆಯ ಫ್ಲೆಕ್ಸಿಬಲ್ ವಯರ್ ಸೇರಿಸಿ ಟೇಪ್ ಸುತ್ತಿ ಹೋಗಿದ್ದ. ಸುಮಾರು ಇಪ್ಪತ್ತು ಮೀಟರ್. ಹಗಲು ಚಿತ್ರ ಚೆನ್ನಾಗಿ ಬರುತ್ತಿತ್ತು, ಅವನ ಲೆಕ್ಕದಲ್ಲಿ ಕೆಲಸ ಆಯಿತು.

ಮುಂಬಯಿಯಲ್ಲಿರುವ ಭಾವನ ಮೊಬೈಲಿನಲ್ಲೂ ಆ್ಯಪ್ ಉಂಟು. ರಾತ್ರಿ ಊಟದ ಹೊತ್ತಿಗೆ ಅವರ ಫೋನು: "ಎಂತ ಭಾವ, ಪುನಃ ಆಫ್‌ಲೈನ್ ತೋರಿಸ್ತದಲ್ಲ?" ಅಡಾಪ್ಟರ್ ತೆಗೆದು ಹಾಕಿದರೆ ಸ್ವಲ್ಪ ಹೊತ್ತು ಬರುತ್ತದೆ, ಮತ್ತೆ ಹೋಗುತ್ತದೆ. ಬೆಳಿಗ್ಗೆ ತಾನಾಗಿ ಸರಿ.

ಮೊದಲು ಹೋದ ಹಣದ ಲೆಕ್ಕ. ಅಂಗಡಿಯವರು ವೈಫೈಯನ್ನು ದೂರಕ್ಕೆ ಮುಟ್ಟಿಸುವ ರೇಂಜ್ ಎಕ್ಸ್‌ಟೆಂಡರ್ ಹಾಕಿ ಎಂದರು, 1,800ರ ಆಸುಪಾಸು. ಮೊಬೈಲಿನಲ್ಲಿ ಸಿಗ್ನಲ್ ಕಡ್ಡಿ ಏರಿತು, ಕ್ಯಾಮೆರಾ ಸಂಜೆ ಹೋಗುವುದು ನಿಲ್ಲಲಿಲ್ಲ. ಆಮೇಲೆ ಎರಡು ಆಂಟೆನಾ ಹೆಚ್ಚಿರುವ ಹೊಸ ರೂಟರ್, ಎರಡೂವರೆ ಸಾವಿರಕ್ಕೆ ಸ್ವಲ್ಪ ಮೇಲೆ. ಅದೇ ಕಥೆ. ಎಲೆಕ್ಟ್ರಿಷಿಯನ್ ಅಣ್ಣ ಬಂದು, "ಸಂಜೆ ವೋಲ್ಟೇಜ್ ಇಳಿತದೆ ಮಾರಾಯ್ರೆ, ಸ್ಟೆಬಿಲೈಸರ್ ಬೇಕು" ಎಂದರು. ಇದಕ್ಕೆ ನಾನು ಒಪ್ಪಲಿಲ್ಲ. ಅಡಾಪ್ಟರಿನ ಮೇಲೆಯೇ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಲೈನು 180ಕ್ಕೆ ಇಳಿದರೂ ಅದು ಐದನ್ನೇ ಕೊಡುತ್ತದೆ. ಕೊನೆಗೆ ಎಲ್ಲವನ್ನೂ ಕಿತ್ತು ರೆಕಾರ್ಡಿಂಗ್ ಪೆಟ್ಟಿಗೆ (ಎನ್‌ವಿಆರ್) ಸಮೇತ ವಯರಿನ ಕ್ಯಾಮೆರಾ ಹಾಕುವ ಕೊಟೇಶನ್ ಬಂತು, ಹದಿನೆಂಟು ಸಾವಿರ ಚಿಲ್ಲರೆ.

ಸುಳಿವು ಸಿಕ್ಕಿದ್ದು ಆ್ಯಪಿನ ನೋಟಿಫಿಕೇಶನ್ ಪಟ್ಟಿಯಲ್ಲಿ. ಡಿಸೆಂಬರಿನಲ್ಲಿ ಮೊದಲ ಆಫ್‌ಲೈನ್ ಆರೂಕಾಲರ ಹೊತ್ತಿಗೆ ಬೀಳುತ್ತಿತ್ತು, ಏಪ್ರಿಲಿನಲ್ಲಿ ಏಳರ ಹತ್ತಿರ. ಸೂರ್ಯ ಮುಳುಗುವುದರ ಜೊತೆಗೇ ಜಾರುತ್ತಿತ್ತು. ಸೂರ್ಯಾಸ್ತ ನೋಡಿಕೊಂಡು ಯಾವ ರೂಟರೂ ಕೆಡುವುದಿಲ್ಲ. ಕತ್ತಲಾದಾಗ ಕ್ಯಾಮೆರಾದಲ್ಲಿ ಬದಲಾಗುವುದು ಒಂದೇ: ಕತ್ತಲಲ್ಲಿ ನೋಡಲು ಇರುವ ಐಆರ್ (ಇನ್‌ಫ್ರಾರೆಡ್) ದೀಪಗಳು ಹೊತ್ತುತ್ತವೆ, ಎಳೆಯುವ ಕರೆಂಟು ದುಪ್ಪಟ್ಟು ದಾಟುತ್ತದೆ.

ಆ ರಾತ್ರಿ ಏಣಿ ಇಟ್ಟು ಹತ್ತಿ, ವಯರ್ ಬಿಡಿಸಿ, ಮೊಬೈಲಿನ ಪವರ್ ಬ್ಯಾಂಕನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಕ್ಯಾಮೆರಾಕ್ಕೇ ಕಟ್ಟಿದೆ. ಎಕ್ಸ್‌ಟೆಂಡರನ್ನು ಬೇಕೆಂದೇ ಆಫ್ ಮಾಡಿದೆ. ಬೆಳಗಿನವರೆಗೆ ಒಂದು ಸಲವೂ ಹೋಗಲಿಲ್ಲ. "ಒಂದು ರಾತ್ರಿ ನಿಂತರೆ ಎಂತ ಆಯ್ತು, ಅದು ಕಾಕತಾಳೀಯ" ಎಂದರು ಅಂಗಡಿಯವರು.

ಹಾಗಾದರೆ ಅಳೆದೇ ತೋರಿಸುವ ಎಂದು ಹಗಲಿನಲ್ಲೇ ಕ್ಯಾಮೆರಾದ ತುದಿಯಲ್ಲಿ ಮಲ್ಟಿಮೀಟರ್ ಹಿಡಿದೆ. 4.7 ತೋರಿಸಿತು. ಲೆನ್ಸಿನ ಹತ್ತಿರದ ಬೆಳಕಿನ ಸೆನ್ಸರನ್ನು ಅಂಗೈಯಿಂದ ಮುಚ್ಚಿದೆ. ಒಳಗೆ ಫಿಲ್ಟರ್ ಸರಿದ 'ಟಿಕ್' ಸದ್ದು, ಬೆರಳ ಸಂದಿಯಲ್ಲಿ ದೀಪಗಳ ಮಸುಕು ಕೆಂಪು, ಮೀಟರಿನಲ್ಲಿ 4.7 ಇದ್ದದ್ದು 4.3, 4.1, ಆಮೇಲೆ ನಾಲ್ಕಕ್ಕಿಂತ ಕೆಳಗೆ. ದೀಪ ಆರಿತು, ವೋಲ್ಟೇಜ್ ಏರಿತು, ಕ್ಯಾಮೆರಾ ಹೊಸದಾಗಿ ಬೂಟ್ ಆಗಲು ಶುರು. ಅಂಗೈ ತೆಗೆಯದಿದ್ದರೆ ಇದೇ ಸುತ್ತು. ಇದು ನೆಟ್ ಹೋಗುವುದಲ್ಲ, ಕ್ಯಾಮೆರಾವೇ ಸತ್ತು ಏಳುವುದು. ಕರೆಂಟು ಹೆಚ್ಚು ಎಳೆದಷ್ಟೂ ಉದ್ದದ ವಯರಿನಲ್ಲಿ ವೋಲ್ಟೇಜ್ ದಾರಿಯಲ್ಲೇ ಇಳಿದುಹೋಗುತ್ತದೆ. ತೋಟದ ಲೈನಿನಲ್ಲಿ ಒತ್ತಡ ಸಾಲದೆ ಕೊನೆಯ ಸ್ಪ್ರಿಂಕ್ಲರ್ ತಿರುಗದೆ ನೀರು ಬರೇ ಸುರಿಯುತ್ತದಲ್ಲ, ಹಾಗೆ. ಟೇಪ್ ಬಿಚ್ಚಿದರೆ ಜಾಯಿಂಟಿನಲ್ಲಿ ತಾಮ್ರ ಪೂರಾ ಹಸಿರು ಕಿಲುಬು. ಕಡಲಿನ ಉಪ್ಪುಗಾಳಿಯ ಊರಿನಲ್ಲಿ ಬರೀ ಟೇಪಿನ ಜಾಯಿಂಟ್ ಒಂದು ಮಳೆಗಾಲವೂ ಬಾಳುವುದಿಲ್ಲ. ಕ್ಯಾಮೆರಾಕ್ಕೆ ಐಪಿ66 (ಧೂಳು, ನೀರು ತಡೆಯುತ್ತದೆ) ಎಂದು ಬರೆದಿದ್ದರೂ ಅದು ಕ್ಯಾಮೆರಾದ ಮೈಗೆ, ಬಾಲದಲ್ಲಿ ನೇತಾಡುವ ಕನೆಕ್ಟರಿಗೆ ಅಲ್ಲ.

ಪರಿಹಾರ ಏನೆಂದು ನಿಮಗೆ ಗೊತ್ತಾಗಿರಬಹುದು: ದೂರಕ್ಕೆ ಕಳಿಸುವುದು 12 ವೋಲ್ಟ್, ಐದು ಮಾಡುವುದು ಕ್ಯಾಮೆರಾದ ಹತ್ತಿರ. ವೋಲ್ಟೇಜ್ ಹೆಚ್ಚಿದ್ದರೆ ವಯರಿನಲ್ಲಿ ಹರಿಯುವ ಕರೆಂಟು ಕಡಿಮೆ, ದಾರಿಯಲ್ಲಿ ಇಳಿಯುವುದೂ ಕಡಿಮೆ. ಚಾವಡಿಯಲ್ಲಿ 12 ವೋಲ್ಟ್ 2 ಆಂಪ್ ಅಡಾಪ್ಟರ್. ಅಲ್ಲಿಂದ ಹೊರಾಂಗಣದ ಕ್ಯಾಟ್6 (ನೆಟ್‌ವರ್ಕ್) ಕೇಬಲ್, ಎಂಟು ಎಳೆಗಳಲ್ಲಿ ನಾಲ್ಕು ಸೇರಿಸಿ ಪ್ಲಸ್, ನಾಲ್ಕು ಸೇರಿಸಿ ಮೈನಸ್. ಹಟ್ಟಿಯಲ್ಲಿ ಒಂದು ವೆದರ್‌ಪ್ರೂಫ್ ಬಾಕ್ಸ್, ಅದರೊಳಗೆ ವೋಲ್ಟೇಜ್ ಇಳಿಸುವ ಎಲ್‌ಎಂ2596 ಬಕ್ ಕನ್ವರ್ಟರ್. ಕ್ಯಾಮೆರಾ ಸೇರಿಸುವ ಮೊದಲೇ ಸ್ಕ್ರೂ ತಿರುಗಿಸಿ 5.1ಕ್ಕೆ ನಿಲ್ಲಿಸಿಕೊಳ್ಳಿ. ಈಗ ಐಆರ್ ಹೊತ್ತಿದಾಗಲೂ ಬಾಕ್ಸಿಗೆ ಬರುವುದು 11.6ರ ಮೇಲೆ, ಕ್ಯಾಮೆರಾಕ್ಕೆ ಸಿಗುವುದು ಪೂರಾ ಐದು.

ಕೇಬಲಿನಲ್ಲಿ ಹಣ ಉಳಿಸಲು ಹೋಗಬೇಡಿ. ಅರ್ಧ ಬೆಲೆಗೆ ಸಿಗುವುದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದರೆ ಬೆಳ್ಳಗೆ ಕಾಣುತ್ತದೆ. ಉಡುಪಿಯ ಒಂದು ಅಂಗಡಿಯಲ್ಲಿ ಕೆರೆದು ನೋಡಿದ್ದಕ್ಕೆ ಮುಖ ಸಿಂಡರಿಸಿದರು, ಇನ್ನೊಂದು ಅಂಗಡಿಯಲ್ಲಿ ಅವರೇ ಕೆರೆದು ತೋರಿಸಿದರು. ಮೀಟರಿಗೆ ಇಪ್ಪತ್ತೈದು ಮೂವತ್ತರ ಲೆಕ್ಕದಲ್ಲಿ ಅಲ್ಲಿಯೇ ತೆಗೆದುಕೊಂಡೆ. ಕೇಬಲಿಗೆ 600, ಅಡಾಪ್ಟರಿಗೆ 250, ಬಾಕ್ಸ್, ಕನ್ವರ್ಟರ್, ಕೇಬಲ್ ಒಳಹೋಗುವ ತೂತನ್ನು ಬಿಗಿಮಾಡುವ ಗ್ಲ್ಯಾಂಡ್ ಎಲ್ಲ ಸೇರಿ ಇನ್ನೊಂದು ಮುನ್ನೂರು. ಸಾವಿರದ ಇನ್ನೂರರೊಳಗೆ ಮುಗಿಯಿತು. ಎಕ್ಸ್‌ಟೆಂಡರನ್ನು ಅಕ್ಕನ ಮನೆಗೆ ಕೊಟ್ಟೆ.

ಬಾಕ್ಸಿನೊಳಗೆ ಬೆವರದಂತೆ, ಇರುವೆ ಹಲ್ಲಿ ಸೇರದಂತೆ ನಾನೊಂದು ಉಪಾಯ ಮಾಡಿದ್ದೇನೆ. ಅದು ಇಲ್ಲಿ ಬೇಡ, ಒಂದೆರಡು ಮನೆಗೆ ಮಾಡಿಕೊಡಲು ಒಪ್ಪಿದ್ದೇನೆ. ಇಷ್ಟು ಹೇಳುತ್ತೇನೆ: ಕೇಬಲ್ ಬಾಕ್ಸಿನ ಕೆಳಗಿನಿಂದಲೇ ಒಳಗೆ ಹೋಗಲಿ, ಹೋಗುವ ಮೊದಲು ಒಂದು ಬಳಸು ಕೆಳಗೆ ಇಳಿದಿರಲಿ. ಕನ್ವರ್ಟರನ್ನು ಕ್ಯಾಮೆರಾದ ಆಂಟೆನಾದಿಂದ ಎರಡು ಗೇಣು ದೂರ ಇಡಿ. ಪಕ್ಕದಲ್ಲೇ ಇಟ್ಟಾಗ ನನಗೆ ಸಿಗ್ನಲ್ ಸ್ವಲ್ಪ ಕುಸಿದಿತ್ತು.

"ಕೇಬಲ್ ಎಳೆದದ್ದೇ ಆಯ್ತು, ನೆಟ್ಟೂ ಅದರಲ್ಲೇ ಕೊಡಬಹುದಿತ್ತಲ್ಲ" ಎಂದು ಈಗಲೂ ಕೇಳುತ್ತಾರೆ. ಬೇಕೆಂದೇ ಕೊಟ್ಟಿಲ್ಲ. ಅಂಗಳ ದಾಟಿದ ಕೇಬಲ್ ರೂಟರಿಗೆ ಸೇರಿದ್ದರೆ ಸಿಡಿಲಿಗೆ ನೇರ ದಾರಿ ಕೊಟ್ಟ ಹಾಗೆ. ಪಕ್ಕದ ಮನೆಯವರ ರೂಟರಿನ ಪೋರ್ಟ್ ಹಾಗೆಯೇ ಸುಟ್ಟಿದೆ. ನನ್ನಲ್ಲಿ ಹೋದರೆ ಹೆಚ್ಚಾಗಿ ಅಡಾಪ್ಟರ್, ಕ್ಯಾಮೆರಾ. ಗುಡುಗು ಶುರುವಾದರೆ ಅಮ್ಮ ಪ್ಲಗ್ ತೆಗೆದಿಡುತ್ತಾರೆ.

ವೈಫೈ ಬಗ್ಗೆಯೂ ಒಂದು ಪ್ರಯೋಗ ಮಾಡಿದೆ. ಮುರಕಲ್ಲು ನೀರು ಕುಡಿದಾಗ ಸಿಗ್ನಲ್ ಎಷ್ಟು ತಿನ್ನುತ್ತದೆ ಎಂಬ ಕುತೂಹಲ. ಬೇಸಿಗೆಯಲ್ಲಿ ಹಟ್ಟಿಯ ಹತ್ತಿರ ಮೈನಸ್ 64 ಡಿಬಿಎಂನ ಹಾಗೆ (ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು) ಬರುತ್ತಿದ್ದದ್ದು, ಮೂರು ದಿನ ಬಿಡದೆ ಸುರಿದ ಮೇಲೆ ಮೈನಸ್ 70. ರೂಟರನ್ನು ಒಳಕೋಣೆಯಿಂದ ಚಾವಡಿಯ ಕಿಟಕಿಗೆ ತಂದದ್ದರಲ್ಲೇ ಅಷ್ಟೂ ವಾಪಸ್ಸು ಬಂತು. ಅದಕ್ಕಿಂತ ಕೆಟ್ಟದ್ದು ಮಳೆಗಾಲಕ್ಕೆ ಅಂಗಳದ ಬದಿಗೆ ಇಳಿಬಿಡುವ ಜಿಂಕ್ ಶೀಟು; ಅದರ ಹಿಂದೆ ನಿಂತರೆ ಮೊಬೈಲಿಗೂ ಸಿಗ್ನಲ್ ಇಲ್ಲ. ಒಂದು ಶೀಟು ತೆಗೆಸಿ ಫೈಬರಿನದ್ದು ಹಾಕಿಸಿದೆ. ರೂಟರಿನ ವೈಫೈ ಚಾನೆಲ್ಲನ್ನು ಆಟೋದಿಂದ ತೆಗೆದು ಆರಕ್ಕೆ ನಿಲ್ಲಿಸಿದ್ದೇನೆ. ಆಟೋ ಬಿಟ್ಟರೆ ಕೆಲವು ರೂಟರ್ 12, 13ಕ್ಕೂ ಹೋಗುತ್ತದೆ, ಕೆಲವು ಕ್ಯಾಮೆರಾಗಳಿಗೆ ಅವು ಕಾಣಿಸುವುದೇ ಇಲ್ಲ.

ಉಳಿದ ಒಂದೇ ಕಿರಿಕಿರಿ ಜೇಡ. ಐಆರ್ ಬೆಳಕಿಗೆ ಹುಳ ಬರುತ್ತದೆ, ಹುಳಕ್ಕಾಗಿ ಜೇಡ ಲೆನ್ಸಿನ ಮುಂದೆಯೇ ಬಲೆ ಕಟ್ಟುತ್ತದೆ, ಗಾಳಿಗೆ ಬಲೆ ಆಡಿದರೆ ಭಾವನಿಗೆ ಅಲರ್ಟ್. ಬೇವಿನೆಣ್ಣೆ ಸವರಿ ನೋಡಿದೆ, ಮಳೆಗೆ ತೊಳೆದು ಹೋಯಿತು. ಈಗ ಐಆರ್ ಆಫ್ ಮಾಡಿ, ನಾಲ್ಕು ಮಾರು ಆಚೆಯ ಕಂಬದಲ್ಲಿ ಸಣ್ಣ ಎಲ್‌ಇಡಿ ಬಲ್ಬ್ ಉರಿಸಿ ನೋಡುತ್ತಿದ್ದೇನೆ. ಹುಳವೆಲ್ಲ ಆ ಕಡೆಗೆ ಹೋಗಿದೆ, ರಾತ್ರಿಯ ಚಿತ್ರಕ್ಕೂ ಬಣ್ಣ ಬಂದಿದೆ. ಪಂಪ್ ಶೆಡ್ಡಿಗೆ ಹಾಕುವ ಎರಡನೆಯ ಕ್ಯಾಮೆರಾ 12 ವೋಲ್ಟಿನದ್ದೇ ತರಿಸಿದ್ದೇನೆ, ಅದಕ್ಕೆ ಕನ್ವರ್ಟರ್ ಬೇಡ. ಕಾಕತಾಳೀಯ ಎಂದಿದ್ದ ಅಂಗಡಿಯವರು ಮೊನ್ನೆ ತಮ್ಮ ಹುಡುಗನನ್ನು ಬಾಕ್ಸ್ ನೋಡಿ ಬಾ ಎಂದು ಕಳಿಸಿದ್ದರು. ವಯರಿಂಗ್ ಪೂರಾ ತೋರಿಸಿ ಕಳಿಸಿದೆ.