ಮುಖ ಊದಿದ ಒಂಬತ್ತರಲ್ಲಿ ಎಂಟು ಕೋಳಿ ಉಳಿಸಿಕೊಂಡೆ

"ಮುಖ ಊದಿದ ಕೋಳೀನ ಕೊಯ್ದು ಸಾರು ಮಾಡು ಮಗಾ. ಔಷಧಿ ದುಡ್ಡಲ್ಲಿ ಎರಡು ಹೊಸ ಹೇಂಟೆ ಬರುತ್ತೆ" ಅಂತ ನಮ್ಮ ಚಿಕ್ಕಪ್ಪ ಹೇಳುತ್ತಲೇ ಇದ್ದರು. ಮೂರು ಮಳೆಗಾಲ ಅವರ ಮಾತೇ ನಿಜವಾಯಿತು. ಈ ಸಲ ಆಷಾಢದಲ್ಲಿ ಒಂಬತ್ತಕ್ಕೆ ಮುಖ ಊದಿತು, ಎಂಟು ಉಳಿದವು. ಅದಕ್ಕೇ ಮುಖ ಊದಿಸುವ ಈ ಕೋಳಿ ನೆಗಡಿ (ಕೊರೈಜಾ) ಬಗ್ಗೆ ಬರೆಯುತ್ತಿದ್ದೇನೆ.

ನಮ್ಮದು ಸಕಲೇಶಪುರದ ಕಡೆ. ನಲವತ್ತು ಐವತ್ತು ನಾಟಿ ಕೋಳಿ, ಜೊತೆಗೆ ಒಂದಷ್ಟು ಗಿರಿರಾಜ ತಳಿಯವು. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ತಪ್ಪಿಸುವುದಿಲ್ಲ. ಆದರೆ ಈ ನೆಗಡಿಗೆ ಆ ಲಸಿಕೆಯಿಂದ ಏನೂ ಆಗಲ್ಲ.

ಮೊದಲನೇ ವರ್ಷ ಸಂತೆಯಿಂದ ಆರು ಹೇಂಟೆ ತಂದು ಅವತ್ತೇ ಕೊಟ್ಟಿಗೆಗೆ ಬಿಟ್ಟೆ. ಮೂರನೇ ದಿನ ಒಂದರ ಕಣ್ಣು ಮುಚ್ಚಿಕೊಂಡಿತು. ಹತ್ತು ದಿನಕ್ಕೆ ಅರ್ಧ ಕೊಟ್ಟಿಗೆ ಮಲಗಿತು. ಎನ್ರೋಫ್ಲಾಕ್ಸಸಿನ್ ಅನ್ನೋ ಆಂಟಿಬಯಾಟಿಕ್ ಕೊಟ್ಟೆ, ಎರಡು ದಿನಕ್ಕೆ ಊತ ಇಳಿಯಿತು. ಇಳಿಯಿತಲ್ಲಾ ಅಂತ ನಿಲ್ಲಿಸಿಬಿಟ್ಟೆ. ವಾರದಲ್ಲಿ ಎರಡರಷ್ಟಾಗಿ ವಾಪಸ್ ಬಂತು. ಹದಿನಾಲ್ಕು ಸತ್ತವು. ಆಗಿನ ರೇಟಲ್ಲಿ ಹತ್ತಿರ ಹತ್ತಿರ ₹9,000.

ಎರಡನೇ ವರ್ಷ ಸೂಜಿ ಹಾಕಿ ಕೀವು ಎಳೆಯಲು ನೋಡಿದೆ. ಏನೂ ಬರಲಿಲ್ಲ. ಸತ್ತ ಒಂದನ್ನು ನಮ್ಮ ಡಾಕ್ಟರು ಕೊಯ್ದು ತೋರಿಸಿದರು. ಕಣ್ಣಿನ ಕೆಳಗೆ ಗಿಣ್ಣಿನ ತುಂಡಿನ ಹಾಗೆ ಗಟ್ಟಿ! ಕೋಳಿಯ ಕೀವು ನಮ್ಮ ಕೀವಿನ ಹಾಗೆ ನೀರಾಗಿ ಇರುವುದಿಲ್ಲ. ಗಟ್ಟಿಯಾದ ಮೇಲೆ ಸೂಜಿಗೂ ಬರಲ್ಲ, ಔಷಧಿಯೂ ಸರಿಯಾಗಿ ಒಳಗೆ ಮುಟ್ಟಲ್ಲ. ಅವತ್ತೇ ಅನ್ನಿಸಿತು, ಗೊಣ್ಣೆ ಇನ್ನೂ ನೀರಾಗಿರುವಾಗಲೇ ಹೊರಗೆ ತೆಗೆಯಬೇಕು ಅಂತ.

ಮೂರನೇ ವರ್ಷದ್ದು ಇನ್ನೂ ಹೊಟ್ಟೆ ಉರಿಸುವ ಕಥೆ. ಡಾಕ್ಸಿಸೈಕ್ಲಿನ್ ಐದು ದಿನ ಸರಿಯಾಗಿಯೇ ಕೊಟ್ಟೆ. ಕಾಳಿನ ಜೊತೆ ಕಪ್ಪೆಚಿಪ್ಪಿನ ಪುಡಿಯೂ ನಡೆಯುತ್ತಿತ್ತು. ಸುಣ್ಣದ ಅಂಶ ಆ ಔಷಧಿಯನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತೆ, ರಕ್ತಕ್ಕೆ ಹೋಗಲು ಬಿಡಲ್ಲ. ₹1,200 ಸುಮ್ನೆ ಹೋಯಿತು. ಈಗ ಔಷಧಿ ಶುರುವಾದ ದಿನವೇ ಚಿಪ್ಪಿನ ಪುಡಿ ಬಂದ್.

ಈ ಸಲ ಮಾಡಿದ್ದು ಮೂಗು ತೊಳೆಯುವುದು. ಮೆಡಿಕಲ್ ಶಾಪಿನ ಸಲೈನ್ ಬಾಟಲಿ, ನಲವತ್ತು ರೂಪಾಯಿಯೋ ಏನೋ. ಮೈಯಷ್ಟು ಬೆಚ್ಚಗೆ ಮಾಡಿಕೊಂಡು, ಸೂಜಿ ತೆಗೆದ ಸಿರಿಂಜಿನಲ್ಲಿ ಒಂದೊಂದು ಹೊಳ್ಳೆಗೆ ಎರಡು ಎಂ.ಎಲ್. ಮೆಲ್ಲಗೆ ಬಿಡಬೇಕು. ಕೊಕ್ಕು ನೆಲ ನೋಡುತ್ತಿರಬೇಕು, ಇದು ಬಹಳ ಮುಖ್ಯ. ತಲೆ ಮೇಲಿದ್ದರೆ ನೀರು ಉಸಿರಿನ ಕೊಳವೆಗೆ ಹೋಗುತ್ತೆ. ನನ್ನ ಒಂದು ಕೋಳಿ ಸತ್ತಿದ್ದು ಹಾಗೇ ಇರಬೇಕು ಅಂತ ನನ್ನ ಅನುಮಾನ. ಸರಿಯಾಗಿ ಹಿಡಿದರೆ ನೀರು ಬಾಯೊಳಗಿನ ಅಂಗುಳಿನ ಸೀಳಿನಿಂದ ಇಳಿದು ಬಾಯಿಂದ ಗೊಣ್ಣೆ ಸಮೇತ ತೊಟ್ಟಿಕ್ಕುತ್ತೆ. ದಿನಕ್ಕೆ ಎರಡು ಸಲ, ಮೂರು ದಿನ. ಒಬ್ಬರೇ ಇದ್ದಾಗ ಹುಂಜ ಹಿಡಿಯುವ ಪಟ್ಟು ಒಂದಿದೆ. ಅದು ಕೈಯಲ್ಲಿ ತೋರಿಸಬೇಕಾದ್ದು, ಇಲ್ಲಿ ಬರೆಯಲ್ಲ.

ಇದರ ಜೊತೆ ಡಾಕ್ಟರು ಬರೆದ ಟೈಲೋಸಿನ್ ಅನ್ನೋ ಆಂಟಿಬಯಾಟಿಕ್, ಐದು ದಿನ ಪೂರ್ತಿ, ಕೊಟ್ಟಿಗೆಯ ಎಲ್ಲಕ್ಕೂ ನೀರಿನಲ್ಲಿ. ನೀರು ಕುಡಿಯದವಕ್ಕೆ ಕೊಕ್ಕಿಗೆ. ಔಷಧಿಯ ಅಂಶ ಮೊಟ್ಟೆಗೂ ಇಳಿಯುತ್ತೆ ಅಂತ ಅವರು ಹೇಳಿದಷ್ಟು ದಿನ ಮೊಟ್ಟೆ ಮಾರಲಿಲ್ಲ. ₹13ರ ಮೊಟ್ಟೆ, ತೊಂಬತ್ತಕ್ಕೂ ಜಾಸ್ತಿ ಗುಂಡಿಗೆ ಹೋಯಿತು. ನೋವಾಗುತ್ತೆ, ಆದರೆ ಮಕ್ಕಳು ತಿನ್ನುವ ಮೊಟ್ಟೆ ಅಲ್ವಾ?

ಊತ ಗಟ್ಟಿಯಾಗಿದ್ದರೆ ತೊಳೆಯಲು ಹೋಗಬೇಡಿ, ಡಾಕ್ಟರೇ ಕೊಯ್ದು ತೆಗೆಯಬೇಕು. ಒಟ್ಟಿಗೇ ಹತ್ತಾರು ದಿಢೀರನೆ ಸತ್ತು, ಜುಟ್ಟು ನೀಲಿಯಾದರೆ ಅದು ಹಕ್ಕಿ ಜ್ವರವೂ ಇರಬಹುದು. ಮುಟ್ಟದೆ ಪಶು ಇಲಾಖೆಗೆ ತಿಳಿಸಿ.

ನನಗೆ ತಡವಾಗಿ ಗೊತ್ತಾದ ಇನ್ನೊಂದು ವಿಷಯ ಇದೆ. ವಾಸಿಯಾದ ಕೋಳಿ ಒಳಗೆ ರೋಗ ಇಟ್ಟುಕೊಂಡೇ ಇರುತ್ತೆ. ಮೊದಲನೇ ವರ್ಷ ಆದ ಮೇಲೆ ಹೊಸ ಮರಿಗಳಿಗೆ ಹತ್ತಿಸಿದ್ದು ನಾನು ಖುಷಿಯಿಂದ ಉಳಿಸಿಕೊಂಡ ಹಳೇ ಹೇಂಟೆಗಳೇ. ಈ ಸಲ ಉಳಿದ ಎಂಟನ್ನೂ, ಜೊತೆಯಲ್ಲಿದ್ದವನ್ನೂ ಬೇರೆ ಗೂಡಿನಲ್ಲಿಟ್ಟು, ಔಷಧಿಯ ಗಡುವು ಕಳೆದ ಮೇಲೆ ಮಾಂಸಕ್ಕೆ ಕೊಟ್ಟೆ. ಸಾಕುವವರಿಗೆ ಕೊಡಲಿಲ್ಲ. ಕೊಟ್ಟಿಗೆ ಮೂರು ವಾರ ಖಾಲಿ ಬಿಟ್ಟು, ಸುಣ್ಣ ಬಳಿದು ಒಣಗಿಸಿದೆ. ಕೋಳಿಯ ಮೈ ಬಿಟ್ಟರೆ ಈ ರೋಗಾಣು ಜಾಸ್ತಿ ದಿನ ಬದುಕಲ್ಲ. ಎಂಟು ಕೋಳಿಗೆ ₹3,500 ಚಿಲ್ಲರೆ ಬಂತು. ಚಿಕ್ಕಪ್ಪನಿಗೆ ಲೆಕ್ಕ ತೋರಿಸಿದೆ.

ನಡುವೆ ಬೇವಿನ ಸೊಪ್ಪಿನ ಹೊಗೆ ಹಾಕಿ ನೋಡಿದೆ. ಸೊಳ್ಳೆ ಹೋದವು, ಕೋಳಿಗಳಿಗೆ ಸೀನು ಜಾಸ್ತಿಯಾಯಿತು. ಬೆಳ್ಳುಳ್ಳಿ ನೀರಿನಿಂದ ಏನೂ ಆಗಲಿಲ್ಲ. ರಾಗಿ ಉಂಡೆಗೆ ಒಂದು ಸೊಪ್ಪು ಬೆರೆಸುತ್ತಿದ್ದೇನೆ. ಯಾವುದು ಅಂತ ಈಗ ಹೇಳಲ್ಲ, ಇನ್ನೆರಡು ಮಳೆಗಾಲ ನೋಡಬೇಕು. ನಿಜವಾಗಿ ಕೆಲಸ ಮಾಡಿದ್ದು ಟಾರ್ಪಾಲು ಬಿಚ್ಚಿದ್ದು. ಇರಚಲು ಹೊಡೆಯುತ್ತೆ ಅಂತ ನಾಲ್ಕೂ ಕಡೆ ಮುಚ್ಚಿದ್ದೆ. ನಿಂತರೆ ವಾಸನೆ ಇಲ್ಲ, ಕೋಳಿಯ ಎತ್ತರಕ್ಕೆ ಕೂತರೆ ಹಿಕ್ಕೆಯ ಅಮೋನಿಯಾಗೆ ಕಣ್ಣು ಉರಿಯುತ್ತಿತ್ತು. ಈಗ ಮೇಲಿನ ಒಂದೂವರೆ ಅಡಿ ಬಿಟ್ಟೇ ಕಟ್ಟುತ್ತೇನೆ.

ಈ ನೆಗಡಿಗೂ ಲಸಿಕೆ ಇದೆ. ಆದರೆ ಬಾಟಲಿ ದೊಡ್ಡ ಫಾರ್ಮಿಗೆ ಆಗುವಷ್ಟು ಇರುತ್ತೆ. ನಮ್ಮೂರಲ್ಲಿ ಕೋಳಿ ಸಾಕುವ ಐದಾರು ಮನೆಯವರು ಸೇರಿ ಒಂದೇ ದಿನ ಹಾಕಿಸೋಣ ಅಂತ ಕೇಳುತ್ತಿದ್ದೇನೆ. ಮೂರು ಮನೆಯವರು ಒಪ್ಪಿದ್ದಾರೆ.