ಬೋಳು ಮರಗಳ ಜೊತೆ ಒಂದು ಚಳಿಗಾಲ

ಮುಂಡಗೋಡದ ಕಡೆ ಕಾಡಂಚಿನಲ್ಲಿ ನಮ್ಮ ಮನೆ. ಜನವರಿ ಬಂತೆಂದರೆ ಸುತ್ತಲಿನ ಮರಗಳು ಒಂದೊಂದಾಗಿ ಬೋಳಾಗುತ್ತವೆ. ಎಲೆ ನೋಡಿ ಪಟಪಟನೆ ಹೆಸರು ಹೇಳುತ್ತಿದ್ದ ನನಗೆ ಆಗ ಒಂದು ಮರದ ಗುರುತೂ ಸಿಗುತ್ತಿರಲಿಲ್ಲ. ಹಾಗಾಗಿ ಮನೆಯಿಂದ ಕೆರೆಗೆ ಹೋಗುವ ದಾರಿಯಲ್ಲಿ 12 ಮರ ಆರಿಸಿಕೊಂಡೆ. ವಾರಕ್ಕೆ ಎರಡು ಸಲ ಅವನ್ನೇ ನೋಡಿ ಬರುತ್ತಿದ್ದೆ.

ಮೊದಲ ವಾರವೇ ತಪ್ಪಾಯಿತು. ಬುಡದಲ್ಲಿ ಬಿದ್ದಿದ್ದ ಅಗಲವಾದ ಎಲೆ ನೋಡಿ ಒಂದು ಮರವನ್ನು ತೇಗ ಅಂತ ಬರೆದುಕೊಂಡೆ. ದನ ಮೇಯಿಸುತ್ತಿದ್ದ ಅಜ್ಜ ತಲೆ ಅಲ್ಲಾಡಿಸಿದರು. "ತಂಗೀ, ಇದು ಮತ್ತಿ. ಎಲಿ ಗಾಳಿಗೆ ಎಲ್ಲಿಂದಾದರೂ ಬರ್ತಾವ. ತೊಗಟಿ ಮುಟ್ಟಿ ನೋಡು." ಮುಟ್ಟಿದೆ. ಮೊಸಳೆಯ ಬೆನ್ನಿನ ಹಾಗೆ ಚೌಕ ಚೌಕವಾಗಿ ಸೀಳಿತ್ತು. ತೇಗ ಇನ್ನೂ ಹತ್ತು ಹೆಜ್ಜೆ ಆಚೆಗಿತ್ತು. ಅದರ ಎಳೆಯ ಕಡ್ಡಿಯನ್ನು ಬೆರಳಲ್ಲಿ ಉರುಳಿಸಿದರೆ ನಾಲ್ಕು ಮೂಲೆ ತಿಳಿಯುತ್ತದೆ. ಅವತ್ತಿನಿಂದ ನೆಲದ ಎಲೆಯನ್ನು ಸಾಕ್ಷಿ ಅಂತ ನಾನು ನಂಬಿಲ್ಲ.

ಜಾಸ್ತಿ ಕಾಡಿದ್ದು ನಂದಿ ಮತ್ತು ದಿಂಡಿಗ. ಎರಡರದ್ದೂ ನುಣುಪಾದ ಬಿಳಿಚು ಕಾಂಡ. ದೂರದಿಂದ ಅವಳಿಗಳ ಹಾಗೆ ಕಾಣುತ್ತವೆ. ಹತ್ತಿರ ಹೋಗಿ ಅರ್ಧ ಗಂಟೆ ನಿಂತ ಮೇಲೆ ವ್ಯತ್ಯಾಸ ಕಂಡಿತು. ನಂದಿಯ ತೊಗಟೆ ಕಾಗದದಂತೆ ತೆಳುವಾಗಿ ಸುಲಿಯುತ್ತದೆ. ಒಣಗಿ ಬಿರಿದ ಗಟ್ಟಿ ಕಾಯಿಗಳು ರೆಂಬೆಯ ತುದಿಯಲ್ಲಿ ಉಳಿದಿರುತ್ತವೆ. ದಿಂಡಿಗದ್ದು ಸಣ್ಣ ಬಿಲ್ಲೆಗಳಾಗಿ ಉದುರಿ ಮೈಮೇಲೆ ತಗ್ಗು ಬಿಡುತ್ತದೆ. ಅದರ ಕಾಯಿಗಳು ಅಂಗಿಯ ಪುಟ್ಟ ಗುಂಡಿಯ ಹಾಗೆ ಒತ್ತೊತ್ತಾಗಿರುತ್ತವೆ. ಎಲೆ ಉದುರುವ ಮೊದಲು ಕೆಂಪಾಗುವುದೂ ದಿಂಡಿಗವೇ. ಜನವರಿಯಲ್ಲೇ ಶುರು ಮಾಡಿದ್ದರಿಂದ ಅದನ್ನು ನೋಡಲು ಸಿಕ್ಕಿತು. ಹೊನ್ನೆ ಸುಲಭ. ನಡುವೆ ಬೀಜವಿರುವ, ನಾಣ್ಯದಂಥ ದುಂಡು ಕಾಯಿ ಸಾಕು.

ಆಮೇಲೆ ಒಂದು ಭೂತಗನ್ನಡಿ ತಂದೆ. ಎಲೆ ಕಳಚಿದ ಜಾಗದಲ್ಲಿ ಒಂದು ಕಲೆ ಇರುತ್ತದೆ, ಅದರೊಳಗೆ ಚುಕ್ಕೆಗಳು. ಎಲೆಗೆ ನೀರು ಹೋಗುತ್ತಿದ್ದ ನಾಳಗಳ ತುದಿ ಅವು. ನಮ್ಮ ಮರಗಳು ಎಲೆ ಬಿಡುವುದು ಚಳಿಗೆ ಹೆದರಿ ಅಲ್ಲ, ಮುಂದೆ ಬರುವ ಒಣಗಾಲದಲ್ಲಿ ನೀರು ಉಳಿಸಿಕೊಳ್ಳಲು. ತೊಟ್ಟಿನ ಬುಡದಲ್ಲಿ ಪದರವೊಂದು ಬೆಳೆದು ಎಲೆ ಬೇರೆಯಾಗುತ್ತದೆ, ಗಾಯ ಮುಚ್ಚಿಕೊಳ್ಳುತ್ತದೆ. ತೇಗದ ಕಲೆಗಳು ಎದುರುಬದುರು, ಹೊನ್ನೆಯವು ಒಂದು ಬಿಟ್ಟು ಒಂದು. ಬೋಳು ಕಡ್ಡಿಯಲ್ಲಿ ಇಷ್ಟು ಓದಬಹುದು ಅಂತ ಗೊತ್ತಾದ ದಿನ ನನಗೆ ಎಷ್ಟು ಖುಷಿಯಾಯಿತು!

ಒಂದು ಮಾತು: ಗುರುತಿಗೆಂದು ಕತ್ತಿಯಿಂದ ತೊಗಟೆ ಕೆತ್ತಬೇಡಿ. ಹೊನ್ನೆಯ ಹಳೆ ಗಾಯದಲ್ಲಿ ಒಣಗಿದ ಕೆಂಪು ಅಂಟು ತಾನಾಗಿಯೇ ಕಾಣುತ್ತದೆ.

ಮಳೆ ಶುರುವಾದ ಮೇಲೆ ಪುಸ್ತಕ ಹಿಡಿದು ಮತ್ತೆ ಹೋದೆ. 12ರಲ್ಲಿ 9 ಸರಿಯಿತ್ತು. ದಿಂಡಿಗ ಅಂತ ಬರೆದಿದ್ದ ಒಂದು ಮರ ಬಿಳಿ ಹೂ ಬಿಟ್ಟು ನಂದಿ ಅಂತ ತೋರಿಸಿಕೊಟ್ಟಿತು. ತೇಗದ ಎಳೆ ಚಿಗುರನ್ನು ಅಂಗೈಯಲ್ಲಿ ಉಜ್ಜಿದೆ. ಕೈಯೆಲ್ಲ ಕೆಂಪಾಯಿತು.